ಹದಿಮೂರು ಡಿಗ್ರಿಯ ಗೋಡೆ

ಆ ಭಾನುವಾರ ಬೆಳಿಗ್ಗೆ ಭಗವಂತರಾಯ ಮಾಡಿದ ತಪ್ಪು ಇಷ್ಟೇ. ಲ್ಯಾಪ್‌ಟಾಪಿನಲ್ಲಿ 'ಸ್ಟೇಷನ್ ಇರುವ ಸ್ಥಳವನ್ನು ತಾನಾಗಿ ಬದಲಾಯಿಸು' ಅಂತ ಬರೆದಿದ್ದ ಕಡೆ ಒಂದು ಟಿಕ್ ಗುರುತು ಹಾಕಿದ. ಅಷ್ಟಕ್ಕೇ ಸಂಜೆಯೊಳಗೆ ಏನೇನಾಯಿತು ಅಂತೀರಿ!

ಸ್ಟೇಷನ್ ಅಂದರೆ ರೈಲಿನದೂ ಅಲ್ಲ, ಪೊಲೀಸರದೂ ಅಲ್ಲ. ಲಿಂಗರಾಜಪುರಕ್ಕೆ ಹೋಗುವ ದಾರಿಯಲ್ಲಿ ಮುನಿಆಂಜನಪ್ಪನ ಮನೆಯ ಮೇಲೊಂದು ಶೀಟಿನ ರೂಮಿದೆ. ಅದರಲ್ಲಿ ಹೆಂಡತಿ ರಾಜೇಶ್ವರಿಯ ಜೊತೆ ಬಾಡಿಗೆಗಿರುವ ಭಗವಂತರಾಯ ಸೇಡಂ ಕಡೆಯವನು, ಕೆಲಸ ಲಿಫ್ಟ್ ರಿಪೇರಿ. ವಾರವಿಡೀ ಲಿಫ್ಟಿನ ಬಾವಿಯೊಳಗೆ ನಿಂತು ಕತ್ತೆತ್ತಿ ನೋಡುವವನಿಗೆ ಆಕಾಶದ ಹುಚ್ಚು ಹಿಡಿಯದೆ ಇರುತ್ತದೆಯೇ? ಪರೀಕ್ಷೆ ಬರೆದು ಲೈಸೆನ್ಸ್ ತಗೊಂಡು, ದೇಶದೇಶದ ಹವ್ಯಾಸಿಗಳ ಜೊತೆ ಮಾತಾಡುವ ಹಳೇ ಹ್ಯಾಮ್ ರೇಡಿಯೋ ಒಂದನ್ನು ಇಟ್ಟುಕೊಂಡಿದ್ದ. ಅದೇ ಅವನ ಸ್ಟೇಷನ್. ತಾರೂ ಇಲ್ಲದೆ ಟವರೂ ಇಲ್ಲದೆ ಜಪಾನಿನವನೊಬ್ಬ 'ಹಲೋ' ಅಂದ ದಿನ ಅವನ ಮೈಯೆಲ್ಲಾ ಜುಮ್ಮೆಂದಿತ್ತು.

ಇವತ್ತಿನದು ಅದಕ್ಕಿಂತ ದೊಡ್ಡದು. ಹಿಂದೂ ಮಹಾಸಾಗರದ ದಕ್ಷಿಣದ ತುದಿಯಲ್ಲಿ, ಹಿಮದ ಕಡೆ, ನರಪಿಳ್ಳೆ ಇಲ್ಲದ ಒಂದು ದ್ವೀಪಕ್ಕೆ ಎಂಟು ಜನ ಹಡಗಿನಲ್ಲಿ ರೇಡಿಯೋ ಹೊತ್ತುಕೊಂಡು ಹೋಗಿದ್ದರು. ಇವತ್ತೇ ಕಡೆಯ ದಿನ. ನಮ್ಮ ಗಡಿಯಾರದಲ್ಲಿ ಸಂಜೆ ಐದಕ್ಕೆ ಹಡಗು ಹೊರಟರೆ ಮತ್ತೆ ಯಾರಾದರೂ ಅಲ್ಲಿಗೆ ಹೋಗುವುದು ಇಪ್ಪತ್ತು ವರ್ಷಕ್ಕೋ ಮೂವತ್ತಕ್ಕೋ. ಭಗವಂತರಾಯನಿಗೆ ಆಗಲೇ ನಲವತ್ತೆಂಟು. ನಾಲ್ಕು ಗಂಟೆಯಿಂದ ಅರ್ಧ ಗಂಟೆ ದ್ವೀಪದ ರೇಡಿಯೋ ಅಲೆಗೆ ಬೆಂಗಳೂರಿನ ದಾರಿ ತೆರೆಯುತ್ತದೆ ಅಂತ ಸಾಫ್ಟ್‌ವೇರು ಲೆಕ್ಕ ಹಾಕಿ ಹೇಳಿತ್ತು. ಮಾತು ಸಿಕ್ಕಿದರೆ ದ್ವೀಪದವರು ಅಂಚೆಯಲ್ಲಿ ಒಂದು ಕಾರ್ಡು ಕಳಿಸುತ್ತಾರೆ. ಆ ಕಾರ್ಡಿಗಾಗಿ ಗೋಡೆಯಲ್ಲಿ ಮೊಳೆ ಹೊಡೆದು ಹದಿನೈದು ದಿನವಾಗಿತ್ತು.

ಕಾರ್ಡಿನ ಮೇಲೆ ಸ್ಥಳ ತಪ್ಪಾಗಬಾರದು ಅಂತಲೇ ಶಿವಾಜಿನಗರದ ಜೀಶಾನ್ ಅಂಗಡಿಯಿಂದ ಬಿಸ್ಕತ್ತಿನಷ್ಟಗಲದ ಜಿಪಿಎಸ್ ಡಬ್ಬಿ ತಂದಿದ್ದ. ರೇಡಿಯೋದವರು ಭೂಮಿಯನ್ನೆಲ್ಲ ಚೌಕ ಚೌಕ ಮಾಡಿ ಒಂದೊಂದಕ್ಕೂ ನಂಬರು ಕೊಟ್ಟಿದ್ದಾರೆ. ಡಬ್ಬಿ ಸಿಕ್ಕಿಸಿ ಗುರುತು ಹಾಕಿದ್ದೇ ತಡ, ಪರದೆಯ ಮೇಲೆ ಎಂಬತ್ತೆರಡು ಅಂತ ಬಂತು. ಮರುಕ್ಷಣ ಎಂಬತ್ತಮೂರು. ಮತ್ತೆ ಎಂಬತ್ತೆರಡು. ಎರಡು ಚೌಕಗಳ ಗಡಿ ಈ ಮನೆಯ ಮೇಲೇ ಹಾದುಹೋಗಿತ್ತು.

ತಾರಸಿಯಲ್ಲಿ ಮೆಣಸಿನಕಾಯಿ ಹರಡುತ್ತಿದ್ದ ಮನೆಯೊಡತಿ ಆಂಜನಮ್ಮ, "ಏನಪ್ಪಾ ಅದು, ಒಬ್ನೇ ನಗ್ತಿದೀಯ?" ಅಂದಳು.

"ಅಮ್ಮಾರ, ಭೂಮಿ ಮ್ಯಾಲ ಹದಿಮೂರು ಡಿಗ್ರಿ ಗೆರಿ ಅಂತ ಒಂದು ಅದರೀ. ಅದು ನಿಮ್ಮ ಮನಿ ನಟ್ಟನಡು ಹೋಗ್ಯಾದ! ಹನ್ನೆರಡು ಉಪಗ್ರಹ ಹೇಳ್ಲತ್ತಾವು."

ಬಾಯಿ ಮುಚ್ಚಿಕೊಂಡಿದ್ದರೆ ಆಗುತ್ತಿತ್ತು. ಆದರೆ ಬೆರಗು ಅನ್ನುವುದು ಬಾಯಿ ಮುಚ್ಚಿಸುವುದಿಲ್ಲವಲ್ಲ.

ಈ ಮನೆಯಲ್ಲಿ ಗೆರೆ ಅನ್ನುವ ಮಾತು ಆಡುವಂತಿರಲಿಲ್ಲ. ಅಪ್ಪನ ಜಮೀನು ಭಾಗವಾದಾಗಿನಿಂದ ಮುನಿಆಂಜನಪ್ಪನಿಗೂ ಪಕ್ಕದ ಮನೆಯ ತಮ್ಮ ಅಂಜನಮೂರ್ತಿಗೂ ಮಾತಿಲ್ಲ. ನಡುವಿನ ಗೋಡೆ ಎರಡಡಿ ಆಚೆಗಿರಬೇಕು ಅಂತ ಇವನು, ಎರಡಡಿ ಈಚೆಗಿರಬೇಕು ಅಂತ ಅವನು. ಹತ್ತೊಂಬತ್ತು ವರ್ಷದಲ್ಲಿ ಮೂವರು ಸರ್ವೆಯವರು ಬಂದು, ಕಾಫಿ ಕುಡಿದು, ಕೈಮುಗಿದು ಹೋಗಿದ್ದರು. ಆ ಗೋಡೆ ದಾಟಿದ್ದು ಭಗವಂತರಾಯನ ಆಂಟೆನಾ ತಂತಿ ಒಂದೇ. ಒಂದು ತುದಿ ಅಣ್ಣನ ನೀರಿನ ಟ್ಯಾಂಕಿಗೆ, ಇನ್ನೊಂದು ತಮ್ಮನ ತೆಂಗಿನ ಮರಕ್ಕೆ. ಒಬ್ಬೊಬ್ಬರ ಕಾಲನ್ನೂ ಬೇರೆ ಬೇರೆಯಾಗಿ ಹಿಡಿದು ಒಪ್ಪಿಸಿದ್ದ.

ಐದೇ ನಿಮಿಷಕ್ಕೆ ಮುನಿಆಂಜನಪ್ಪ ಪಂಚೆ ಎತ್ತಿ ಕಟ್ಟಿಕೊಂಡು ಮೇಲೆ ಬಂದ. "ಎಲ್ಲಯ್ಯಾ ಗೆರೆ? ತೋರ್ಸು!"

"ಅದು ಕಾಣಂಗಿಲ್ರೀ ಯಜಮಾನ್ರ. ಕಲ್ಪನಾದ ಗೆರಿ. ಮತ್ತ ಈ ಡಬ್ಬಿ ಹತ್ತಡಿ ಹಿಂದ ಮುಂದ ತೋರಸ್ತದ."

"ಹನ್ನೆರಡು ಉಪಗ್ರಹಕ್ಕಿಂತ ನಿಂಗೆ ಜಾಸ್ತಿ ಗೊತ್ತಾ? ಸುಮ್ನೆ ಹಿಡ್ಕೊಂಡು ನಡಿ."

ಭಗವಂತರಾಯ ಲ್ಯಾಪ್‌ಟಾಪನ್ನು ಎಳೆಗೂಸಿನ ಹಾಗೆ ಎತ್ತಿಕೊಂಡು ಹಿತ್ತಲಲ್ಲಿ ನಡೆದ. ಎಂಬತ್ತಮೂರು ಅಂತ ಬದಲಾದ ಕಡೆಯೆಲ್ಲಾ ಮುನಿಆಂಜನಪ್ಪ ಸುಣ್ಣದ ಪುಡಿ ಚೆಲ್ಲಿದ. ಗೆರೆ ಗೋಡೆಯ ಬುಡಕ್ಕೆ ಬಂದು, ಹಾರಿ, ಆಚೆ ಹಿತ್ತಲಿಗೆ ಎರಡಡಿ ನುಗ್ಗಿತು.

"ಕೇಳುಸ್ಕೊಳ್ಳೋ!" ಅಣ್ಣ ಹತ್ತೊಂಬತ್ತು ವರ್ಷದ ಮೇಲೆ ಮೊದಲ ಸಲ ತಮ್ಮನ ಕಡೆ ಮುಖ ಮಾಡಿ ಕೂಗಿದ. "ಆಕಾಶವೇ ಹೇಳ್ಬಿಡ್ತು!"

ಅಂಜನಮೂರ್ತಿ ಹಲ್ಲುಜ್ಜುವ ಬ್ರಷ್ ಕಚ್ಚಿಕೊಂಡೇ ಓಡಿಬಂದ. "ನನ್ ಕಡೆಯಿಂದ ಅಳೀಲಿ, ನೋಡೇಬಿಡಾಣ!"

ಅವನ ಕಡೆಯಿಂದ ಅಳೆದರೆ ಗೆರೆ ಮೂರಡಿ ಈಚೆಗೆ ಬಂತು. ಮೋಡ ಬಂದಾಗ ಒಂದಡಿ ಆಚೆಗೆ ಹೋಯಿತು. ಎದುರುಮನೆಯ ಜಹನಾರಾ ಬಾಗಿಲಲ್ಲಿ ನಿಂತು, "ಅರೆ ಅಲ್ಲಾ, ನಮ್ ಗಲ್ಲಿ ಮೇಲೆ ಹನ್ನೆರಡು ಕಣ್ಣಾ! ಒಗೆದ ಬಟ್ಟೆ ಒಳಗೆ ತಗೋತೀನಿ ತಡೀರಿ," ಅಂದಳು. ಜನ ಸೇರಿದರು. ಪ್ರತಿ ಸಲ ನಂಬರು ಬದಲಾದಾಗಲೂ 'ಓಹೋ' ಅಂತ ಆಕಾಶ ನೋಡುತ್ತಿದ್ದರು. ಭಗವಂತರಾಯ ಮಾತ್ರ ಗಡಿಯಾರ ನೋಡುತ್ತಿದ್ದ. ಬೆಳಿಗ್ಗೆಯಿಂದ ಅಳೆದದ್ದೇ ಅಳೆದದ್ದು, ಊಟವಾಗಿರಲಿಲ್ಲ, ಗಂಟೆ ಮೂರೂವರೆ.

"ಯಜಮಾನ್ರ, ನನ್ನ ಬಿಡ್ರೀ, ದ್ವೀಪ ಹೋಗ್ತದ!"

"ಇರಯ್ಯಾ, ದ್ವೀಪ ಎಲ್ಲಿಗ್ ಹೋಗ್ತದೆ!"

ಅಷ್ಟರಲ್ಲಿ ಮುನಿಆಂಜನಪ್ಪ ಒಂದು ಮಾತು ಜಾಸ್ತಿ ಆಡಿಬಿಟ್ಟ: "ನಿನ್ ತೆಂಗಿನ ಮರಾನೂ ನಂದೇ ಕಣೋ." ಅಂಜನಮೂರ್ತಿಗೆ ಪಿತ್ತ ನೆತ್ತಿಗೇರಿತು. ಸೀದಾ ಹೋಗಿ ಮರಕ್ಕೆ ಕಟ್ಟಿದ್ದ ಹಗ್ಗ ಬಿಚ್ಚಿ ಎಸೆದ. ಹಗ್ಗ ಸುರ್ರನೆ ಮರದ ತುದಿಯ ರಾಟೆಯಿಂದ ಜಾರಿತು. ಆಂಟೆನಾ ತಂತಿ ಬಂದು ಆಂಜನಮ್ಮನ ಮೆಣಸಿನಕಾಯಿಯ ಮೇಲೆ ಬಿತ್ತು.

ಭಗವಂತರಾಯ ಕುಸಿದು ಕೂತ. ಗಂಡಸು, ಲಿಫ್ಟಿನ ಬಾವಿಯಲ್ಲಿ ಜೋತಾಡಿದವನು, ಕಣ್ಣಲ್ಲಿ ನೀರು. "ನಾನು ನಿಮ್ಮ ಒಂದಡಿ ನೆಲ ಕೇಳಿಲ್ರೀ. ಅರ್ಧ ತಾಸು ಆಕಾಶ ಕೇಳೀನಿ. ಅದೂ ಇಬ್ಬರೂ ಸೇರಿ ಕಸಗೊಂಡ್ರಿ."

ಜಹನಾರಾ ಗದರಿದಳು: "ನಾಚ್ಕೆ ಆಗಲ್ವಾ ಇಬ್ರಿಗೂ? ಕೂದಲು ಬೆಳ್ಳಗಾಗಿದೆ!"

ಅಂಜನಮೂರ್ತಿ ತಲೆ ಕೆರೆದುಕೊಂಡ. ಮರ ಹತ್ತುವವರು ಈ ಗಲ್ಲಿಯಲ್ಲಿ ಈಗ ಯಾರಿದ್ದಾರೆ? ಮಾವಿನಕಾಯಿ ಕೀಳುವ ದೋಟಿ ತಂದು, ಅದರ ತುದಿಗೆ ಹಗ್ಗ ಕಟ್ಟಿ, ಜಗಳದ ಗೋಡೆಯ ಮೇಲೇ ಹತ್ತಿ ನಿಂತು ತಂತಿಯನ್ನು ಎತ್ತಿ ಹಿಡಿದ. ಅರವತ್ತರ ಮುದುಕ, ಗಾಳಿಗೆ ತೂರಾಡಿದ. ಮುನಿಆಂಜನಪ್ಪ ಎರಡು ಕ್ಷಣ ನೋಡಿದ. ಆಮೇಲೆ, "ಬೀಳ್ತೀಯಾ ಮುಂಡೇದೇ," ಅಂತ ಹೋಗಿ ತಮ್ಮನ ಎರಡೂ ಕಾಲನ್ನು ತಬ್ಬಿ ಹಿಡಿದುಕೊಂಡ.

ನಾಲ್ಕೂ ಇಪ್ಪತ್ತು. ಭಗವಂತರಾಯ ಮೆಟ್ಟಿಲು ಹಾರಿಕೊಂಡು ಹೋಗಿ, ರೇಡಿಯೋದ ಸದ್ದು ಜೋರು ಮಾಡಿ ಕರೆದ. ಬರೀ ಗರಗರ ಕೊರೆತದ ಸದ್ದು. ಮತ್ತೆ ಕರೆದ. ಕೊರೆತ. ಮೂರನೇ ಸಲ ಕರೆದಾಗ ಆ ಕೊರೆತದ ತಳದಿಂದ, ಬಾವಿಯೊಳಗಿಂದ ಬಂದ ಹಾಗೆ, ಒಂದು ಗಂಡುದನಿ ಅವನ ಲೈಸೆನ್ಸಿನ ಗುರುತಿನ ಅಕ್ಷರಗಳನ್ನು ಒಂದೊಂದಾಗಿ ಹೇಳಿತು. ಹಿಂದೆ ಗಾಳಿ ಊಳಿಡುತ್ತಿತ್ತು. ನಡುವೆ ಕಿಚಪಿಚ ಅಂತ ಏನೋ ಹಕ್ಕಿಗಳು.

"ಯಾವ್ ಗಾಳಿ ಅದು?" ಗೋಡೆಯ ಹತ್ತಿರದಿಂದಲೇ ಮುನಿಆಂಜನಪ್ಪ ಕೂಗಿ ಕೇಳಿದ.

"ಅಲ್ಲಿಂದೇ ರೀ! ಏಳು ಸಾವಿರ ಕಿಲೋಮೀಟರ್!" ಭಗವಂತರಾಯ ಮೇಲಿನಿಂದ ಕೂಗಿದ.

ಆಂಜನಮ್ಮ ಕೈ ಮುಗಿದಳು. ಮನುಷ್ಯರಿಲ್ಲದ ಕಡೆಯ ಗಾಳಿ ಲಿಂಗರಾಜಪುರದ ದಾರಿಯ ತಾರಸಿಯಲ್ಲಿ ಬೀಸುತ್ತಿತ್ತು. ಅಣ್ಣ ತಮ್ಮನ ಕಾಲು ಬಿಟ್ಟಿರಲಿಲ್ಲ.

"ಏಳ್ ಸಾವ್ರ ಕಿಲೋಮೀಟ್ರು ಮುಟ್ತಾರೆ ಜನ," ಅಂದ ಮುನಿಆಂಜನಪ್ಪ. "ನಾವು ಎರಡಡಿ ಮುಟ್ಲಿಲ್ಲ ಕಣೋ."

ಅಂಜನಮೂರ್ತಿ ದೋಟಿ ಬಿಸಾಕಿ ಅಣ್ಣನ ಹೆಗಲ ಮೇಲೆ ಬಿದ್ದು ಗೊಳೋ ಅಂತ ಅತ್ತ. ಭಗವಂತರಾಯನೂ ಅತ್ತ. ದ್ವೀಪವೂ ಸಿಕ್ಕಿತು, ಅಣ್ಣತಮ್ಮಂದಿರೂ ಸೇರಿದರು, ತನ್ನಂಥ ಪುಣ್ಯವಂತ ಇಲ್ಲ ಅನ್ನಿಸಿತು.

ಆರೂವರೆಗೆ ಅಣ್ಣತಮ್ಮ ಇಬ್ಬರೂ ಜೊತೆಯಾಗಿ ಲಾಡು ಹಿಡಿದುಕೊಂಡು ಮೇಲೆ ಬಂದರು.

"ತಿನ್ನಪ್ಪಾ. ನಿನ್ನಿಂದ ನಮ್ ಮನೆ ಒಂದಾಯ್ತು," ಅಂದ ಮುನಿಆಂಜನಪ್ಪ. "ಗೋಡೆ ಒಡೆದುಹಾಕ್ತೀವಿ."

"ಭಾಳ ಚಲೋ ಆತ್ರೀ!"

"ಎರಡು ಸೈಟೂ ಸೇರ್ದ್ರೆ ಐದಂತಸ್ತು ಏಳುತ್ತಂತೆ. ಬಿಲ್ಡರು ಆರು ವರ್ಷದಿಂದ ಕಾಯ್ತಾ ಅವ್ನೆ, ಈಗ್ಲೇ ಫೋನ್ ಮಾಡಿ ಒಪ್ಕೊಂಡ್ವಿ. ಮನೆ, ಮರ ಎಲ್ಲಾ ತೆಗೀತಾರೆ. ಬರೋ ತಿಂಗಳು ಒಂದನೇ ತಾರೀಕಿಗೆ ರೂಮು ಖಾಲಿ ಮಾಡ್ಬಿಡು. ಬೇಜಾರ್ ಮಾಡ್ಕೋಬೇಡ."

ಅಂಜನಮೂರ್ತಿ ಪ್ರೀತಿಯಿಂದ ಇನ್ನೊಂದು ಲಾಡು ಕೈಗಿಟ್ಟ.

ಅವರು ಇಳಿದು ಹೋದ ಮೇಲೆ ಹೆಂಡತಿ ರಾಜೇಶ್ವರಿ ಗೋಡೆಯ ಮೇಲಿನ ಖಾಲಿ ಮೊಳೆ ನೋಡಿದಳು. "ಆ ಕಾರ್ಡು ಯಾವಾಗ ಬರ್ತದ?"

"ಆರು ತಿಂಗಳು."

"ಯಾವ ಮನಿಗಿ?"

ಭಗವಂತರಾಯ ಪರದೆಯ ಕಡೆ ತಿರುಗಿದ. ಲ್ಯಾಪ್‌ಟಾಪಿನಲ್ಲಿ ಬೆಳಿಗ್ಗೆ ಹಾಕಿದ ಗುರುತು ಹಾಗೇ ಇತ್ತು: 'ಸ್ಟೇಷನ್ ಇರುವ ಸ್ಥಳವನ್ನು ತಾನಾಗಿ ಬದಲಾಯಿಸು.' ಅವನು ಲಾಡು ಬಾಯಿಗೆ ಹಾಕಿಕೊಂಡು, ಮೆಲ್ಲಗೆ ಆ ಗುರುತನ್ನು ಅಳಿಸಿದ.