ನೆಚ್ಚಲಾಗದ ಪಿಸ್ತೂಲು

ಯಂತ್ರಗಳು ಮನುಷ್ಯರಿಗಿಂತ ಮರ್ಯಾದಸ್ಥ ಜಾತಿ ಎಂದು ನಾನು ಬಹಳ ಕಾಲದಿಂದ ನಂಬಿಕೊಂಡು ಬಂದವನು. ಕೆಡುವ ಮುಂಚೆ ಯಂತ್ರ ಸದ್ದು ಮಾಡುತ್ತದೆ, ಬಿಸಿಯಾಗುತ್ತದೆ, ಎಣ್ಣೆ ಸೋರುತ್ತದೆ. ಒಟ್ಟಿನಲ್ಲಿ ಹೇಳಿ ಕೇಳಿ ಕೆಡುತ್ತದೆ. ಈ ನಂಬಿಕೆಗೇ ನನಗೆ ಸಂಬಳ ಬರುತ್ತಿರುವುದು. ಸ್ವೀಡನ್ನಿನ ಸೋಡರ್‌ಟೆಲ್ಯೆಯ ಟ್ರಕ್ ಕಾರ್ಖಾನೆಯೊಂದರಲ್ಲಿ ಗೇರ್‌ಬಾಕ್ಸುಗಳನ್ನು ಗಿರಗಿರನೆ ತಿರುಗಿಸಿ, ಯಾವುದು ಎಷ್ಟು ದಿನ ಬಾಳುತ್ತದೆ, ಯಾವುದು ನಡುದಾರಿಯಲ್ಲಿ ಕೈಕೊಡುತ್ತದೆ ಎಂದು ಮೊದಲೇ ಹೇಳುವುದು ನನ್ನ ಉದ್ಯೋಗ. ಆಫೀಸಿನಲ್ಲಿ ನನ್ನನ್ನು ನೆಚ್ಚಿಕೆಯ ತಜ್ಞ ಎನ್ನುತ್ತಾರೆ. ಮನೆಯಲ್ಲಿ ಹಾಗೆ ಯಾರೂ ಎಂದದ್ದಿಲ್ಲ. ಕುಕ್ಕರಿನ ಮೂರನೆಯ ವಿಷಲ್ಲಿಗೆ ಅಡುಗೆಮನೆ ಬಿಟ್ಟು ಹೊರಬರುವವನು ನಾನು. ಬಸವನಗುಡಿಯಲ್ಲಿ ಬೆಳೆಯುವಾಗ ಸುರ್‌ಸುರ್‌ಬತ್ತಿಯನ್ನು ಕೋಲಿನ ತುದಿಗೆ ಕಟ್ಟಿ ಹಚ್ಚುತ್ತಿದ್ದವನು. ಇಂಥವನ ಮನೆಯಲ್ಲಿ ಈಗ ಒಂದು ಪಿಸ್ತೂಲಿದೆ, ಸರ್ಕಾರದ ಒಪ್ಪಿಗೆಯೊಂದಿಗೆ, ಉಕ್ಕಿನ ಕಪಾಟಿನೊಳಗೆ. ಇದನ್ನು ಹೇಳಿದರೆ ನಮ್ಮ ಕನ್ನಡದ ಗೆಳೆಯರು ಮೊದಲು ನಗುತ್ತಾರೆ, ಆಮೇಲೆ ಕುರ್ಚಿಯನ್ನು ಸ್ವಲ್ಪ ಹಿಂದಕ್ಕೆ ಸರಿಸಿಕೊಳ್ಳುತ್ತಾರೆ.

ಪಿಸ್ತೂಲು ನನ್ನದಲ್ಲ, ನನ್ನ ಹೆಂಡತಿ ಉಷಾಳದು. ಅವಳು ಕಾಲೇಜಿನಲ್ಲಿ ಎನ್‌ಸಿಸಿ ಸೇರಿ ರೈಫಲ್ ಹಿಡಿದವಳು. ಇಲ್ಲಿ ಔಷಧ ಕಾರ್ಖಾನೆಯಲ್ಲಿ ಮಾತ್ರೆಗಳ ಗುಣಮಟ್ಟ ನೋಡುವ ಕೆಲಸ ಮಾಡುತ್ತಿದ್ದಾಗ ಜೊತೆಯ ಬಿರ್ಗಿಟ್ಟಾ ಎಂಬ ಹಿರಿಯಳು ಒಂದು ಶನಿವಾರ ಅವಳನ್ನು ಪಿಸ್ತೂಲು ಕ್ಲಬ್ಬಿಗೆ ಕರೆದುಕೊಂಡು ಹೋದಳು. ಕಾಗದದ ವೃತ್ತಕ್ಕೆ ಗುರಿಯಿಟ್ಟು ಗುಂಡು ಹೊಡೆಯುವುದು, ಆಮೇಲೆ ಎಲ್ಲರೂ ಕೂತು ಫಿಕಾ, ಅಂದರೆ ಕಾಫಿ, ದಾಲ್ಚಿನ್ನಿ ಬನ್ನು, ಹರಟೆ. ಮನೆಗೆ ಬಂದ ಉಷಾಳ ಮುಖದಲ್ಲಿ ಮದುವೆಮನೆಯಿಂದ ಬಂದವರ ಕಳೆಯಿತ್ತು. ಮುಂದೆ ಅವಳು ಪರೀಕ್ಷೆ ಪಾಸಾಗಿ, ಪೊಲೀಸರ ಲೈಸೆನ್ಸ್ ಪಡೆದು, ಒಂದು ಸಣ್ಣ ಅರೆ ಸ್ವಯಂಚಾಲಿತ ಪಿಸ್ತೂಲನ್ನು ಕೊಂಡಳು. ಮೊದಲ ದಿನ ಅದನ್ನು ನನ್ನ ಕೈಗೆ ಕೊಡಲು ಬಂದಾಗ ನಾನು ಟವೆಲ್ ತರಲು ಎದ್ದೆನಂತೆ. "ರೀ, ಅದು ಹಾವಲ್ಲ. ಖಾಲಿ ಇದೆ, ನೋಡಿ," ಎಂದಳಂತೆ. ಈ ಕಥೆಯನ್ನು ಅವಳು ನಮ್ಮವರ ಎಲ್ಲ ಪಾಟ್‌ಲಕ್ ಊಟಗಳಲ್ಲೂ ಹೇಳುತ್ತಿದ್ದಳು, ಟವೆಲ್ಲಿನ ಬಣ್ಣದ ಸಮೇತ.

ಪಿಸ್ತೂಲಿನ ಕಂಪನಿಯ ಹೆಸರು ಹೇಳುವುದಿಲ್ಲ. ಹೇಳಿದರೆ ಅವರಿಗೆ ಅನ್ಯಾಯ, ಯಾಕೆಂಬುದು ಕೊನೆಗೆ ತಿಳಿಯುತ್ತದೆ. ಆದರೆ ಆ ಕಂಪನಿಯ ಮಾಲಿಗೆ ಕ್ಲಬ್ಬಿನಲ್ಲಿ ಒಳ್ಳೆಯ ಹೆಸರಿರಲಿಲ್ಲ. ಕೊಂಡವರಲ್ಲಿ ಒಬ್ಬರು ವರ್ಷಗಟ್ಟಲೆ ಬಳಸಿದೆ, ಒಂದು ದಿನವೂ ಕೆಮ್ಮಲಿಲ್ಲ ಎಂದರೆ, ಇನ್ನೊಬ್ಬರು ಮೂರನೆಯ ಗುಂಡಿಗೇ ಕಚ್ಚಿಕೊಂಡು ನಿಲ್ಲುತ್ತದೆ ಎಂದು ತಲೆಯಾಡಿಸುತ್ತಿದ್ದರು. ನಮ್ಮಲ್ಲಿ ಮಿಕ್ಸಿಯ ಬಗ್ಗೆ ನಡೆಯುವ ಜಗಳವೇ ಇಲ್ಲಿ ಪಿಸ್ತೂಲಿನ ಬಗ್ಗೆ ನಡೆಯುತ್ತದೆ; ಎರಡರಲ್ಲೂ ತಾವು ಕೊಂಡದ್ದನ್ನು ಯಾರಾದರೂ ಬೈದರೆ ತಮ್ಮನ್ನೇ ಬೈದಂತೆ ಸಿಟ್ಟು ಬರುತ್ತದೆ. ಬಿರ್ಗಿಟ್ಟಾ ಅಂತೂ ಈ ಕಂಪನಿಯ ಜನ್ಮವೈರಿ. ಆದರೆ ಉಷಾಳ ಕೈಯಲ್ಲಿ ಅದು ಒಂದು ಸಲವೂ ಕಚ್ಚಿಕೊಳ್ಳಲಿಲ್ಲ. ಅದನ್ನು ಕಂಡು ಬಿರ್ಗಿಟ್ಟಾ ಸ್ವಲ್ಪ ನಿರಾಶಳಾದಂತೆಯೂ ಇದ್ದಳು.

ಹೋದ ವರ್ಷದ ಆಯುಧಪೂಜೆ ನಮ್ಮ ಮನೆಯಲ್ಲಿ ಸಾಂಗವಾಗಿ ನಡೆಯಿತು. ಉತ್ತರದ ಉಮೆಯೊ ಊರಿನಲ್ಲಿ ಓದುತ್ತಿರುವ ಮಗಳು ಇಂಚರ ರೈಲು ಹಿಡಿದು ಬಂದಿದ್ದಳು. ಹೊರಗೆ ಕೊರೆಯುವ ಗಾಳಿಯಾದ್ದರಿಂದ ಕಾರಿನ ಬದಲು ಕಾರಿನ ಕೀಲಿಯನ್ನೇ ಮಣೆಯ ಮೇಲಿಟ್ಟೆವು. ಪಕ್ಕದಲ್ಲಿ ಲ್ಯಾಪ್‌ಟಾಪುಗಳು, ಮಿಕ್ಸಿ, ಈಳಿಗೆಮಣೆ, ಇಂಚರಳ ಸ್ಕೇಟು, ಪಿಸ್ತೂಲು. ಪಿಸ್ತೂಲನ್ನು ಎಲ್ಲೇ ಇಟ್ಟರೂ ಅದರ ಮೇಲ್ಭಾಗವನ್ನು ಹಿಂದಕ್ಕೆ ಎಳೆದು ಬಾಯಿ ತೆರೆದೇ ಇಡಬೇಕು, ಒಳಗೆ ಗುಂಡಿಲ್ಲ ಎಂದು ದಾರಿಹೋಕನಿಗೂ ಕಾಣಬೇಕು, ಇದು ಕ್ಲಬ್ಬಿನ ನಿಯಮ. ಉಷಾ ದೇವರ ಮುಂದೆಯೂ ನಿಯಮ ಬಿಡಲಿಲ್ಲ. ಹಾಗೆ ಬಾಯಿ ತೆರೆದು ಕೂತ ಪಿಸ್ತೂಲಿಗೆ ಕುಂಕುಮವಿಟ್ಟು, ನನಗೆ ಬರುವ ಅರ್ಧ ಮಂತ್ರಕ್ಕೆ ಮೂವರೂ ಅಕ್ಷತೆ ಹಾಕಿದೆವು. ಅವಳು ಅಕ್ಷತೆಗೆ ಅರಿಸಿನದ ಜೊತೆ ತುಪ್ಪವನ್ನು ಧಾರಾಳವಾಗಿ ಹಾಕಿ ಕಲಸುತ್ತಿದ್ದಳು. ಅದು ವಾರದವರೆಗೆ ನನ್ನ ಕಾಲುಚೀಲಗಳಿಗೆ ಅಂಟಿಕೊಂಡು ಆಫೀಸಿಗೂ ಬರುತ್ತಿತ್ತು.

ಆಮೇಲೆ ಉಷಾ ಕ್ಲಬ್ಬಿಗೆ ಹೋಗಲಿಲ್ಲ. ಸುಸ್ತು ಎಂದಳು. ಹಸಿವಿಲ್ಲ ಎಂದಳು. ಆಸ್ಪತ್ರೆಗೆ ಸೇರಿದಳು. ಊರಿನ ಕಿಟಕಿಗಳಲ್ಲೆಲ್ಲ ಕ್ರಿಸ್‌ಮಸ್ಸಿನ ದೀಪ ಹಚ್ಚುವ ಹೊತ್ತಿಗೆ ಅವಳಿರಲಿಲ್ಲ. ಸದ್ದಿಲ್ಲ, ಬಿಸಿಯಿಲ್ಲ, ಎಣ್ಣೆ ಸೋರಲಿಲ್ಲ. ನೆಚ್ಚಿಕೆಯ ತಜ್ಞ ಪಕ್ಕದಲ್ಲೇ ಮಲಗುತ್ತಿದ್ದ, ಅವನಿಗೇನೂ ಗೊತ್ತಾಗಲಿಲ್ಲ. ಗೊತ್ತಾಗುವಂಥದ್ದಲ್ಲ ಎಂದು ಡಾಕ್ಟರು ಹೇಳಿದರು. ನಾನು ಬೆಳಿಗ್ಗೆ ಹೊರಡುವಾಗ ಅವಳು ದಿನವೂ ಬಾಗಿಲಲ್ಲಿ "ನಿಲ್ರೀ ಸ್ವಲ್ಪ" ಎಂದು ತಡೆದು, ಮಫ್ಲರನ್ನು ಸರಿಯಾಗಿ ಸುತ್ತಿ ಕಳಿಸುತ್ತಿದ್ದಳು. ಆ ಚಳಿಗಾಲವೆಲ್ಲ ನಾನು ಬಾಗಿಲಲ್ಲಿ ಸುಮ್ಮನೆ ನಿಂತು, ಆಮೇಲೆ ಮಫ್ಲರನ್ನು ಹೇಗೆಹೇಗೋ ಸುತ್ತಿಕೊಂಡು ಹೋಗುತ್ತಿದ್ದೆ.

ಅವಳ ಸೀರೆಗಳನ್ನು ಇಟ್ಟುಕೊಳ್ಳಲು ಯಾರ ಅಪ್ಪಣೆಯೂ ಬೇಕಿರಲಿಲ್ಲ. ಪಿಸ್ತೂಲಿಗೆ ಬೇಕಿತ್ತು. ಲೈಸೆನ್ಸ್ ಅವಳ ಹೆಸರಿನಲ್ಲಿತ್ತು; ಅವಳಿಲ್ಲದ ಮೇಲೆ ಅದು ನಮ್ಮ ಮನೆಯಲ್ಲಿರುವ ಹಾಗಿಲ್ಲ. ಬಿರ್ಗಿಟ್ಟಾ ಅದನ್ನು ಒಯ್ದು ತನ್ನ ಕಪಾಟಿನಲ್ಲಿ ಭದ್ರಮಾಡಿದಳು. ಒಂದಷ್ಟು ತಿಂಗಳೊಳಗೆ ಲೈಸೆನ್ಸ್ ಪಡೆದ ಯಾರಾದರೂ ಅದನ್ನು ತೆಗೆದುಕೊಳ್ಳಬೇಕು, ಇಲ್ಲವೇ ಪೊಲೀಸರಿಗೆ ಒಪ್ಪಿಸಬೇಕು, ಅವರು ಅದನ್ನು ಕರಗಿಸುತ್ತಾರೆ. ಇಂಚರಳನ್ನು ಕೇಳಿದೆ. ಅವಳು ಸ್ವೀಡಿಷಿನಲ್ಲಿ, ಮಾರಿಬಿಡು ಪಪ್ಪಾ ಅಷ್ಟೇ, ಎಂದಳು. ಅತ್ತರೆ ಅವಳಿಗೆ ಕನ್ನಡ ಬರುತ್ತದೆ, ಅಳಬಾರದೆಂದಿದ್ದಾಗ ಸ್ವೀಡಿಷ್. ಆದರೆ ನನಗೆ ಮನಸ್ಸು ಬರಲಿಲ್ಲ. ಸೀರೆಗಳನ್ನು ಬಿಟ್ಟರೆ ಉಳಿದ ಸಾಮಾನೆಲ್ಲ ನಮ್ಮಿಬ್ಬರದು, ಅದೊಂದು ಮಾತ್ರ ಪೂರ್ತಿ ಅವಳದು. ಅದನ್ನು ಕುಲುಮೆಗೆ ಕಳಿಸಲಾರೆ ಎಂದು, ಸುರ್‌ಸುರ್‌ಬತ್ತಿಗೆ ಹೆದರುವವನು ಜನವರಿಯ ಒಂದು ಶನಿವಾರ ಹೋಗಿ ಪಿಸ್ತೂಲು ಕ್ಲಬ್ಬಿನ ಸದಸ್ಯನಾದೆ.

ನನ್ನ ಕಲಿಕೆಯ ಬಗ್ಗೆ ಹೆಚ್ಚು ಹೇಳದಿರುವುದೇ ಲೇಸು. ಮೊದಮೊದಲು ಗುಂಡು ಹೊಡೆಯುವ ಕ್ಷಣಕ್ಕೆ ಸರಿಯಾಗಿ ಎರಡೂ ಕಣ್ಣು ಮುಚ್ಚುತ್ತಿದ್ದೆ. ಪಕ್ಕದವರ ಕಾಗದಕ್ಕೂ ಉದಾರವಾಗಿ ಅಂಕ ಗಳಿಸಿಕೊಟ್ಟಿದ್ದೇನೆ. ಆದರೂ ಕ್ಲಬ್ಬಿನ ಪಿಸ್ತೂಲಿನಲ್ಲಿ ಹೊಡೆದು ಹೊಡೆದು, ಬೇಸಿಗೆಯ ಹೊತ್ತಿಗೆ ಪರೀಕ್ಷೆಯಲ್ಲಿ ಹೇಗೋ ದಡ ಸೇರಿದೆ. ಆಗ ಬಿರ್ಗಿಟ್ಟಾ ಉಷಾಳ ಪಿಸ್ತೂಲನ್ನು ತಂದು, ತಾನು ಪಕ್ಕದಲ್ಲೇ ನಿಂತು, ಹೊಡೆಯಲು ಕೊಟ್ಟಳು. ಎರಡು ಗುಂಡು ಹೋಯಿತು. ಮೂರನೆಯದಕ್ಕೆ ಖಾಲಿ ತೋಟಾ ಹೊರಗೆ ಹಾರದೆ ಬಾಯಲ್ಲೇ ಸಿಕ್ಕಿಕೊಂಡು ಪಿಸ್ತೂಲು ನಿಂತುಬಿಟ್ಟಿತು. ಮುಂದಿನ ಶನಿವಾರವೂ ಅದೇ ಕಥೆ, ಅದರ ಮುಂದಿನದೂ ಅದೇ.

ಈಗ ಕ್ಲಬ್ಬಿಗೆ ಕ್ಲಬ್ಬೇ ನನ್ನ ಸುತ್ತ ನೆರೆಯಿತು. ಆ ಕಂಪನಿಯ ಮಾಲು ಕೊಂಡು ಕೈಸುಟ್ಟುಕೊಂಡವರಿಗೆಲ್ಲ ಹಬ್ಬ. ಸ್ಪ್ರಿಂಗು ಕಳಪೆ ಎಂದರು, ಗುಂಡು ಬದಲಿಸು ಎಂದರು. ಹೆಲ್ಸಿಂಗ್‌ಬೋರ್ಯ್‌ನಲ್ಲಿರುವ ನಮ್ಮ ಕನ್ನಡದ ಗೆಳೆಯ ರಾಘು ಫೋನಿನಲ್ಲಿ, "ಸಾರ್, ತಗೊಳೋ ಮುಂಚೆ ಮೇಡಂ ರಿವ್ಯೂಸ್ ನೋಡ್ಲಿಲ್ವಾ? ನಾನು ಟೋಸ್ಟರ್‌ಗೇ ಮೂರು ದಿನ ಓದ್ತೀನಿ," ಎಂದ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನನ್ನ ಹಿಡಿತವೇ ಸರಿಯಿಲ್ಲವೇನೋ ಎಂದು ಒಮ್ಮೆ ಬಿರ್ಗಿಟ್ಟಾಳ ಕೈಗೆ ಕೊಟ್ಟು ನೋಡಿದೆ. ಅವಳಿಗೂ ಕಚ್ಚಿಕೊಂಡಿತು. ಅವಳು ಕನ್ನಡಕ ಸರಿಪಡಿಸಿಕೊಂಡು ನಿಧಾನವಾಗಿ ಹೇಳಿದಳು: "ಇದನ್ನು ಬಿಟ್ಟುಬಿಡು. ಪೊಲೀಸರಿಗೆ ಅರ್ಜಿ ಹಾಕುವುದಾದರೆ ಒಳ್ಳೆಯ ಕಂಪನಿಯದಕ್ಕೆ ಹಾಕು. ಕೆಟ್ಟ ಪಿಸ್ತೂಲು ಇಟ್ಟುಕೊಂಡು ಏನು ಮಾಡುತ್ತೀಯ?" ನಾನು ಒಳ್ಳೆಯ ಪಿಸ್ತೂಲು ಇಟ್ಟುಕೊಂಡು ತಾನೇ ಏನು ಮಾಡುತ್ತೇನೆ ಎಂದು ಕೇಳಬೇಕೆನಿಸಿತು. ನನ್ನ ಸ್ವೀಡಿಷಿನಲ್ಲಿ ಅಷ್ಟು ದುಃಖ ಹಿಡಿಯುವುದಿಲ್ಲವಾದ್ದರಿಂದ, ಅವಳ ಕೈಯಿಂದ ಪಿಸ್ತೂಲು ತೆಗೆದುಕೊಂಡು ಸಿಕ್ಕಿಕೊಂಡ ತೋಟಾ ಬಿಡಿಸತೊಡಗಿದೆ.

ಆದರೆ ನಾನು ತಜ್ಞನಲ್ಲವೇ. ಗೇರ್‌ಬಾಕ್ಸಿಗೆ ಮಾಡುವಂತೆ ಪಿಸ್ತೂಲಿಗೂ ತನಿಖೆ ಹೂಡಿದೆ. ಗುಂಡೇ, ಎಣ್ಣೆಯೇ, ಸ್ಪ್ರಿಂಗೇ ಎಂದು ಒಂದೊಂದಾಗಿ ಬದಲಿಸಿ ನೋಡಿದೆ. ಎಲ್ಲ ಮುಗಿದ ಮೇಲೆ, ಆಗಸ್ಟಿನ ಒಂದು ಮಧ್ಯಾಹ್ನ ಬಿರ್ಗಿಟ್ಟಾಳ ಅಡುಗೆಮನೆಯ ಮೇಜಿನ ಮೇಲೆ ಹಳೆಯ ಪೇಪರು ಹಾಸಿ, ಅದನ್ನು ಪೂರ್ತಿ ಬಿಚ್ಚಿದೆವು. ಖಾಲಿ ತೋಟಾವನ್ನು ಹಿಡಿದೆಳೆಯುವ ಒಂದು ಪುಟ್ಟ ಕೊಕ್ಕೆಯಿರುತ್ತದೆ. ಅದರ ಹಿಂದಿನ ಸಂದಿಯಲ್ಲಿ ಏನೋ ಅಡ್ಡಕೂತಿತ್ತು. ಬಿರ್ಗಿಟ್ಟಾ ಸೂಜಿಯಿಂದ ಅದನ್ನು ಎಬ್ಬಿಸಿ ಬಿಳಿಯ ಕಾಗದದ ಮೇಲಿಟ್ಟಳು. ಸಣ್ಣದು, ಹಳದಿ, ಒಂದು ತುದಿ ಮಸಿಯಿಂದ ಕಪ್ಪಾದದ್ದು. ಅವಳಿಗೆ ಗೆದ್ದ ಸಂಭ್ರಮ. ನೋಡು, ಉಕ್ಕು ಹಾಕುವ ಕಡೆ ಪ್ಲಾಸ್ಟಿಕ್ ಹಾಕಿದ್ದಾರೆ, ಅದು ಮುರಿದಿದೆ, ಎಂದು ಕಂಪನಿಯ ಮೂರು ತಲೆಮಾರನ್ನು ಬೈದಳು.

"ಪ್ಲಾಸ್ಟಿಕ್ ಅಲ್ಲ," ಎಂದೆ. "ಅಕ್ಕಿ."

ಬಿರ್ಗಿಟ್ಟಾ ನಕ್ಕಳು. ಆಮೇಲೆ ನನ್ನ ಮುಖ ನೋಡಿ ನಗು ನಿಲ್ಲಿಸಿದಳು. ಆಯುಧಪೂಜೆಯನ್ನು ಸ್ವೀಡಿಷಿನಲ್ಲಿ ವಿವರಿಸುವುದು ಸುಲಭವಲ್ಲ. ನಾವು ವರ್ಷಕ್ಕೊಮ್ಮೆ ಉಪಕರಣಗಳಿಗೆ ಧನ್ಯವಾದ ಹೇಳುತ್ತೇವೆ, ಆಗ ಅಕ್ಕಿ ಎರಚುತ್ತೇವೆ, ಪಿಸ್ತೂಲು ನಿಮ್ಮ ನಿಯಮದಂತೆ ಬಾಯಿ ತೆರೆದಿತ್ತು, ಎಂದೆ. ನಮ್ಮ ಪದ್ಧತಿಯೂ ಸರಿ, ಅವರ ನಿಯಮವೂ ಸರಿ. ಎರಡನ್ನೂ ಒಂದೇ ಮಣೆಯ ಮೇಲೆ ಕೂರಿಸಿದ್ದು ನಾವು. ಅವಳು, "ಉಷಾ ಹಾಕಿದ್ದಾ?" ಎಂದು ಕೇಳಿದಳು.

ಮೂವರೂ ಹಾಕಿದ್ದೆವು. ಆ ಕಾಳು ನನ್ನ ಕೈಯಿಂದ ಬಿದ್ದದ್ದಿರಬಹುದು, ಇಂಚರಳ ಕೈಯಿಂದಲೂ ಇರಬಹುದು. ಸಾಕ್ಷಿಯಿಲ್ಲದೆ ತೀರ್ಮಾನ ಬರೆಯಬಾರದು ಎಂದು ಆಫೀಸಿನ ಹುಡುಗರಿಗೆ ಪಾಠ ಹೇಳುವವನು ನಾನೇ. "ಹೌದು, ಉಷಾ," ಎಂದೆ. ಬಿರ್ಗಿಟ್ಟಾ ಆ ಕಾಗದವನ್ನು ಚಿಕ್ಕದಾಗಿ ಮಡಿಸಿ, ನನ್ನ ಜಾಕೆಟ್ಟಿನ ಒಳಜೇಬಿಗೆ ಹಾಕಿ, ಜಿಪ್ ಎಳೆದಳು. ಮಕ್ಕಳನ್ನು ಡಾಗಿಸ್‌ಗೆ, ಅಂದರೆ ಶಿಶುವಿಹಾರಕ್ಕೆ, ಕಳಿಸುವಾಗ ಇಲ್ಲಿನ ತಾಯಂದಿರು ಹಾಗೆ ಎಳೆಯುತ್ತಾರೆ. ನನಗೆ ಅಲ್ಲಿಯೇ ಅಳು ಬಂತು. ಅವಳು ಕಾಫಿ ಬಗ್ಗಿಸಲು ಬೆನ್ನು ತಿರುಗಿಸಿ ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ನಿಂತಳು.

ಆಮೇಲೆ ಪಿಸ್ತೂಲು ಬೆಣ್ಣೆಯಂತೆ ನಡೆಯಿತು. ಅರ್ಜಿ ಹಾಕಿದೆ, ಪೊಲೀಸರ ಒಪ್ಪಿಗೆಯೂ ಬಂತು, ಪಿಸ್ತೂಲು ಮತ್ತೆ ನಮ್ಮ ಮನೆಯ ಕಪಾಟು ಸೇರಿತು. ಇಷ್ಟಕ್ಕೇ ತಾನೇ ಒದ್ದಾಡಿದ್ದು. ಖುಷಿಯಾಗಬೇಕಿತ್ತು, ಆಗಲಿಲ್ಲ. ಗುಂಡಿನ ಮೇಲೆ ಗುಂಡು ಹೋಗುತ್ತಿತ್ತು, ಎಲ್ಲಿಯೂ ತಡೆಯಿಲ್ಲ. ಕಚ್ಚಿಕೊಳ್ಳುತ್ತಿದ್ದಾಗ ಪ್ರತಿ ಶನಿವಾರ ಯಾರೋ ನಡುವೆ ಕೈಹಿಡಿದು, ನಿಲ್ರೀ ಸ್ವಲ್ಪ, ಎಂದಂತಿರುತ್ತಿತ್ತು. ಅದು ಆಗ ತಿಳಿಯಲಿಲ್ಲ, ಕಚ್ಚಿಕೊಳ್ಳುವುದು ನಿಂತ ಮೇಲೆ ತಿಳಿಯಿತು. ಈಗ ಅದು ಆ ಕಂಪನಿಯ ಒಂದು ಒಳ್ಳೆಯ ಪಿಸ್ತೂಲು, ಅಷ್ಟೇ. ಅಂಥವು ಅಂಗಡಿಯಲ್ಲಿ ಬೇಕಾದಷ್ಟಿವೆ.

ಈ ವರ್ಷದ ಆಯುಧಪೂಜೆಗೆ ನಾನೊಬ್ಬನೇ. ಇಂಚರ ಉಮೆಯೊದಿಂದ ವಿಡಿಯೋದಲ್ಲಿದ್ದಳು. ವರ್ಷ ತುಂಬದ ಮನೆಯಲ್ಲಿ ಹಬ್ಬ ಮಾಡಬಾರದು ಎಂದು ಬೆಂಗಳೂರಿನಿಂದ ಅತ್ತಿಗೆ ಫೋನು ಮಾಡಿದ್ದರು. ಹಬ್ಬವಲ್ಲ, ಸಾಮಾನು ಒರೆಸುತ್ತಿದ್ದೇನೆ ಎಂದೆ. ಕಾರಿನ ಕೀಲಿ, ಮಿಕ್ಸಿ, ಈಳಿಗೆಮಣೆ, ಪಿಸ್ತೂಲು. ನಿಯಮದಂತೆ ಬಾಯಿ ತೆರೆದಿಟ್ಟೆ. ಅದರ ಹತ್ತಿರ ಇನ್ನು ಒಂದು ಕಾಳು ಅಕ್ಕಿಯೂ ಸುಳಿಯಕೂಡದು ಎಂದು ಬಿರ್ಗಿಟ್ಟಾ ಬೆರಳೆತ್ತಿ ಹೇಳಿದ್ದಳು. ನಾನು ದೂರದಿಂದಲೇ ಅಕ್ಷತೆ ಹಾಕಿದೆ. ತುಪ್ಪ ಸ್ವಲ್ಪ ಹೆಚ್ಚಾಗಿತ್ತು. "ಅಪ್ಪಾ, ಪಿಸ್ತೂಲ್ ಒಳಗೆ ಬಿತ್ತಾ ನೋಡಿ," ಎಂದಳು ಇಂಚರ, ಅಚ್ಚ ಕನ್ನಡದಲ್ಲಿ. ನಾನು ನೋಡಲಿಲ್ಲ. ನೋಡಿದ್ದರೆ ತೆಗೆಯಬೇಕಾಗುತ್ತಿತ್ತು.

ಶನಿವಾರ ಕ್ಲಬ್ಬಿಗೆ ಹೋದೆ. ಎರಡು ಗುಂಡು ಹೋಯಿತು. ಮೂರನೆಯದಕ್ಕೆ ಪಿಸ್ತೂಲು ಕಚ್ಚಿಕೊಂಡು ನಿಂತಿತು. ನಾನೂ ಹಾಗೆಯೇ, ನಳಿಗೆಯನ್ನು ಗುರಿಯ ಕಡೆಗೇ ಹಿಡಿದು ನಿಂತೆ. ಹಿಂದಿನಿಂದ ಬಿರ್ಗಿಟ್ಟಾ, "ನಾನು ಮೊದಲಿನಿಂದಲೂ ಹೇಳುತ್ತಿದ್ದೇನೆ, ಈ ಕಂಪನಿಯನ್ನು ನಂಬುವ ಹಾಗಿಲ್ಲ," ಎಂದಳು. ನಾನು ಒಪ್ಪಿದೆ. ಇಷ್ಟು ವರ್ಷ ಯಂತ್ರಗಳ ಪರವಾಗಿ ನಿಜ ಹೇಳಿ ಸಂಬಳ ತಿಂದವನು, ಏನೂ ತಪ್ಪು ಮಾಡದ ಕಂಪನಿಯೊಂದರ ಮೇಲೆ ಹೀಗೆ ಅಪವಾದ ಹೊರಿಸಿ, ಫಿಕಾಕ್ಕೆ ಕೂತು, ನೆಮ್ಮದಿಯಿಂದ ಎರಡು ಬನ್ನು ತಿಂದೆ.