ಕುರಿ ಇಲ್ಲದವನ ಗುಡಾರ

ನಾನು ಕನಸಿನಲ್ಲಿ ಮುಳುಗಿದಾಗಲೆಲ್ಲ ಯಾರಾದರೂ ಬಂದು ಎಬ್ಬಿಸುವುದು ನನ್ನ ಹಣೆಬರಹ. ಮೂಡಲಗಿಯಲ್ಲಿ ಬಟ್ಟೆ ಹೊಲಿಯುವವ ನಾನು. ಮೂವತ್ತು ವರ್ಷ ಹೊಲಿಗೆ ಮಷಿನ್ನಿನ ಪೆಡಲು ತುಳಿದರೂ ಒಂದು ಗೇಣು ಮುಂದೆ ಹೋಗಿರಲಿಲ್ಲ. ತುಳಿದಷ್ಟೂ ಮುಂದೆ ಹೋಗಬೇಕು, ಸ್ವಂತ ಕಾಲಿನಿಂದಲೇ ಗೋಕಾಕ ದಾಟಿ ಹುಕ್ಕೇರಿ ಕಡೆಯ ಗುಡ್ಡ ಮುಟ್ಟಬೇಕು, ಅಲ್ಲಿ ಒಂದೇ ಒಂದು ರಾತ್ರಿ ಬಯಲಲ್ಲಿ ಮಲಗಬೇಕು ಎಂಬ ಆಸೆ ಹತ್ತಿತು. ಉಳಿದ ಬಟ್ಟೆಯ ತುಂಡು ಸೇರಿಸಿ ಗುಡಾರ ಹೊಲಿದೆ. ಕೈ ರೂಢಿಗೆ ಅದಕ್ಕೂ ಒಂದು ಜೇಬು ಇಟ್ಟುಬಿಟ್ಟಿದ್ದೆ. ಜೋಳದ ಸುಗ್ಗಿ ಮುಗಿದ ಮೇಲೆ ಒಂದು ಬೆಳಿಗ್ಗೆ ಅದನ್ನು ಸೈಕಲ್ಲಿಗೆ ಬಿಗಿದು ಹೊರಟೆ.

ಜಗಳ ಆಗಿಲ್ಲ

ಎರಡೂ ಬದಿಗೆ ಕಬ್ಬು. ಎಲೆಗಳ ಸರಸರ ಕೇಳುತ್ತ, ಗಾಲಿ ತಿರುಗುತ್ತಿದೆಯೋ ಭೂಮಿ ತಿರುಗುತ್ತಿದೆಯೋ ತಿಳಿಯದಂತೆ ತೇಲುತ್ತಿದ್ದೆ. ಚಹಾ ಅಂಗಡಿಯಲ್ಲಿ ಇಳಿದಾಗ ಅಂಗಡಿಯ ಅಜ್ಜಿ ನನ್ನ ಗಂಟುಮೂಟೆ ನೋಡಿದಳು.

"ಯಾಕೋ ತಮ್ಮಾ, ಮನಿಯಾಗ ಜಗಳ ಆತೇನು?"

"ಇಲ್ಲ ಯವ್ವಾ, ಗುಡ್ಡದಾಗ ಮಲಗಾಕ ಹೊಂಟೇನಿ."

"ಮನಿಯಾಗ ಹಾಸಿಗಿ ಇಲ್ಲೇನು?"

"ಐತಿ."

"ಹಂಗಾರ ಜಗಳನ ಆಗೈತಿ. ನಾಳಿ ಸೀದಾ ಮನಿಗೆ ಹೋಗು. ಮಾರಿ ನೋಡಿದ್ರ ಗೊತ್ತಾಕ್ಕೈತಿ, ತಪ್ಪು ನಿಂದ ಐತಿ."

ಏರಿನ ದಾರಿ

ಗೋಕಾಕ ಫಾಲ್ಸಿನಲ್ಲಿ ನೀರು ಸಣ್ಣಗಿತ್ತು. ಬಂಡೆಯ ಮೇಲೆ ಕೂತು ಕಣ್ಣು ಮುಚ್ಚಿ, ಮನಸ್ಸಿನಲ್ಲೇ ಬೇಕಾದಷ್ಟು ನೀರು ಬಿಟ್ಟುಕೊಂಡೆ. ಹಾಗೇ ತೊಯ್ದವನಂತೆ ಎದ್ದು ಮುಂದಿನ ಏರು ಹತ್ತತೊಡಗಿದೆ.

ಹಿಂದೆ ಖಾಲಿ ಟ್ರ್ಯಾಕ್ಟರ್ ಬಂತು. "ಕಾಕಾ, ಸೈಕಲ್ ಮ್ಯಾಲ ಒಗೀರಿ. ಹತ್ತಿಸಿ ಬಿಡ್ತೇನಿ" ಎಂದ ಚಾಲಕ.

"ಬ್ಯಾಡಪ್ಪಾ, ತುಳದ ಹೋಗ್ತೇನಿ."

"ಈ ವಯಸ್ಸಿನಾಗ ಹಟ ಯಾಕ್ರಿ?" ಎಂದು ಅವನು ಪಕ್ಕದಲ್ಲೇ ನಿಧಾನವಾಗಿ ಬರತೊಡಗಿದ. ನಾನು ಬೀಳುವುದನ್ನೇ ಕಾಯುತ್ತಿದ್ದನೋ ಏನೋ! ಸಿಟ್ಟು ಬಂದು ಇನ್ನೂ ಜೋರಾಗಿ ತುಳಿದೆ. ಅರ್ಧ ಏರಿನಲ್ಲಿ ಟ್ರ್ಯಾಕ್ಟರ್ ಕೆಮ್ಮಿ ನಿಂತಿತು. ಡೀಸೆಲ್ ಮುಗಿದಿತ್ತು.

ತಿರುಗಿ ನೋಡಿ ಹೇಳಿದೆ: "ಬಾರಪ್ಪಾ, ಮುಂದ ಸೈಕಲ್ ಬಾರಿನ ಮ್ಯಾಲ ಕುಂದ್ರು. ಹತ್ತಿಸಿ ಬಿಡ್ತೇನಿ."

ಲಾಭ ಏನು?

ಸಂಜೆಗೆ ಗುಡ್ಡದ ಮಗ್ಗುಲು ಮುಟ್ಟಿದೆ. ಕೊಯ್ದು ಬಿಟ್ಟ ಜೋಳದ ಹೊಲ, ಆಚೆ ಕುರಿ ಹಿಂಡು, ಅದರಾಚೆ ಕೆಂಪಾದ ಬಾನು. ಗುಡಾರ ಹಾಕಿ ಒಳಗೆ ಕಾಲು ಚಾಚಿದೆ. ಇಷ್ಟು ಸುಖ ನಾನು ಕಂಡೇ ಇರಲಿಲ್ಲ. ಅಷ್ಟರಲ್ಲಿ ಹೊಲದ ಗೌಡರು ಬಂದರು. ಇವರು ಏಳು ಎಂದರೆ ನನ್ನ ಕನಸು ಅಲ್ಲಿಗೇ ಮುಗಿಯಿತು.

"ಕುರಿ ಎಷ್ಟ ಅದಾವು?" ಎಂದರು.

"ಕುರಿ ಇಲ್ರಿ."

"ಕುರಿ ಇಲ್ದ ಗುಡಾರ ಯಾಕ ಹಾಕೀರಿ?"

"ಸುಮ್ನ ರೀ, ಆಕಾಶ ನೋಡಾಕ."

ಹಿಂಡು ಬಿಟ್ಟು ಬಂದು ಕೋಲೂರಿ ನಿಂತಿದ್ದ ಮುದಿ ಕುರುಬ ಬಾಯಿ ಹಾಕಿದ: "ನಾ ಹುಟ್ಟಿದಾಗಿಂದ ನೋಡಾಕತ್ತೇನ್ರಿ. ಹೊಸಾದೇನಿಲ್ಲ."

ಗೌಡರು ಗಂಭೀರವಾಗಿ ಹೇಳಿದರು: "ನೋಡ್ರಿ, ಕುರಿ ಮಲಗಿದ್ರ ಹೊಲಕ್ಕ ಗೊಬ್ಬರ ಆಕ್ಕೈತಿ. ಅದಕ್ಕ ನಾವ ಕರದು, ಕಾಳು ಕೊಟ್ಟು ಮಲಗಸ್ತೇವಿ. ನೀವು ಮಲಗಿದ್ರ ನನಗೇನ್ ಲಾಭ?"

ನನ್ನ ಮುಖ ಸಣ್ಣದಾದದ್ದು ಕಂಡು ಕುರುಬನೇ, "ಇರ್ಲಿ ಬಿಡ್ರಿ ಗೌಡ್ರ, ಪಾಪ, ಒಬ್ಬನ ಅದಾನ" ಎಂದ. ಗೌಡರು ಏನೋ ಯೋಚಿಸಿ, ಮನೆ ಕಡೆ ನಡೆದರು.

ಸ್ವಲ್ಪ ಹೊತ್ತಿಗೆ ಬುತ್ತಿ ಹಿಡಿದು ತಿರುಗಿ ಬಂದರು. ರೊಟ್ಟಿ, ಝುಣಕ, ಗಟ್ಟಿ ಮೊಸರು! ಮುಂದೆ ಕೂತು ಒತ್ತಾಯ ಮಾಡಿ ಬಡಿಸಿದರು. ಗುರುತಿಲ್ಲದವನ ಮೇಲೆ ಇಷ್ಟು ಪ್ರೀತಿಯೇ ಎಂದು ಕಣ್ಣು ತುಂಬಿ ಬಂದವು. ನಾಲ್ಕನೆಯ ರೊಟ್ಟಿಗೆ ಕೈ ಅಡ್ಡ ಹಿಡಿದೆ.

"ಸಂಕೋಚ ಮಾಡಬ್ಯಾಡ್ರಿ, ಹೊಟ್ಟಿ ತುಂಬ ಉಣ್ರಿ" ಎಂದು ಇನ್ನೊಂದು ಹಾಕಿ, ಗೌಡರು ಎದ್ದು ನಿಂತರು. "ನೀರಿನ ತಂಬಿಗಿ ಇಲ್ಲೇ ಇಟ್ಟೇನಿ. ಮುಂಜಾನೆ ಎಲ್ಲೂ ದೂರ ಹೋಗಬ್ಯಾಡ್ರಿ, ನಮ್ಮ ಹೊಲದಾಗ ಕುಂದರ್ರಿ."