ಕಪ್ಪೆಚಿಪ್ಪಿನ ಪಾಠ ಮಾಡಿ ನಾನು ಕೆಟ್ಟೆ

ಪಾಠ ಹೇಳಿದವರ ತಲೆಗೇ ಅದು ಬಂದು ಬೀಳುವುದು ನಮ್ಮ ಕಡೆ ಹೊಸದಲ್ಲ. ತೊಂಬತ್ತರ ದಶಕದಲ್ಲಿ ಅರಸೀಕೆರೆಯಿಂದ ಬಸ್ಸು ಹತ್ತಿ ಹೋಗಿ, ಹಳೇಬೀಡಿನ ಹತ್ತಿರದ ಒಂದು ಹೈಸ್ಕೂಲಿನಲ್ಲಿ ನಾನು ವಿಜ್ಞಾನ ಕಲಿಸುತ್ತಿದ್ದೆ. ಕಪ್ಪೆಚಿಪ್ಪಿನ ಒಂದೇ ಪಾಠಕ್ಕೆ ನನಗಾದದ್ದು ಇಷ್ಟು.

ಎರಡು ಜಾಡಿ

ಕೆರೆಯ ಹಸಿರು ನೀರನ್ನು ಎರಡು ಗಾಜಿನ ಜಾಡಿಗೆ ತುಂಬಿ, ಒಂದರಲ್ಲಿ ನಾಲ್ಕು ಕಪ್ಪೆಚಿಪ್ಪು ಬಿಟ್ಟೆ. "ಇದು ಬೇಟೆ ಆಡಲ್ಲ. ನೀರನ್ನ ಒಳಗೆಳ್ಕೊಂಡು, ಅದರಲ್ಲಿರೋ ಪಾಚಿ ಸೋಸಿ ತಿಂದು, ನೀರನ್ನ ಆಚೆ ಬಿಡುತ್ತೆ. ಸಾಯಂಕಾಲಕ್ಕೆ ಈ ಜಾಡಿ ಮಾತ್ರ ತಿಳಿಯಾಗಿರುತ್ತೆ, ನೋಡಿ" ಅಂದೆ.

ಸಾಯಂಕಾಲ ಎರಡೂ ತಿಳಿಯಾಗಿದ್ದವು. ಮಕ್ಕಳು ನನ್ನ ಮುಖ ನೋಡಿದರು. ನಾನು ಜವಾನರನ್ನು ಕರೆದು ಕೇಳಿದೆ.

"ಒಂದ್ರಲ್ಲಿ ನೀರು ಗಲೀಜಾಗಿತ್ತು ಮೇಡಂ. ಚೆಲ್ಲಿ ಬೋರ್‌ವೆಲ್ ನೀರು ತುಂಬಿಸ್ದೆ. ನಿಮ್ ಮರ್ಯಾದೆ ಉಳೀಲಿ ಅಂತ."

ಟ್ರ್ಯಾಕ್ಟರು

ಬೇಸಿಗೆಯಲ್ಲಿ ಕೆರೆ ಇಳಿದಾಗ, ಚಿಪ್ಪು ಸುಟ್ಟು ಸುಣ್ಣ ಮಾಡುವ ಗೂಡಿನವನೊಬ್ಬ ಬಂದು ಕಪ್ಪೆಚಿಪ್ಪನ್ನೆಲ್ಲ ಬಾಚಿ ಟ್ರ್ಯಾಕ್ಟರಿಗೆ ತುಂಬಿಸತೊಡಗಿದ. ನನಗೆ ಮೈಯೆಲ್ಲ ಉರಿಯಿತು. ಕೆರೆ ಏರಿಯ ಮೇಲೆ ಊರವರ ಎದುರಿಗೇ ಜಗಳಕ್ಕೆ ನಿಂತೆ.

"ಪಾಚಿ ತಿನ್ನೋವು ಇವೇ ಕಣ್ರೀ. ಇವು ಹೋದ್ರೆ ಕೆರೆಯೆಲ್ಲ ಹಸಿರಾಗುತ್ತೆ."

"ಕೆರೆಗೆ ನೀರು ಬರೋದು ಮಳೆಯಿಂದ ಟೀಚರಮ್ಮ, ಚಿಪ್ಪಿಂದಲ್ಲ" ಅಂದವನೇ ಗಾಡಿ ಬಿಟ್ಟ.

ಎರಡು ತಿಂಗಳಿಗೆ ನೀರು ಪಾಚಿಗಟ್ಟಿ, ಒಗೆದ ಬಟ್ಟೆಯೂ ನಾರತೊಡಗಿತು. ಈಗಲಾದರೂ ನನ್ನ ಮಾತಿಗೆ ಬೆಲೆ ಬಂದೀತು ಅಂದುಕೊಂಡು ಕೆರೆಯ ಕಡೆ ಹೋದೆ. ಬಟ್ಟೆ ಒಗೆಯುತ್ತಿದ್ದ ಅಜ್ಜಿ ಪಕ್ಕದವಳಿಗೆ ಹೇಳುತ್ತಿದ್ದಳು:

"ಹಸಿರಾಗ್ತದೆ ಅಂತ ಅವತ್ತೇ ಬಾಯಿ ಬಿಟ್ಟೋಳು ಇವ್ಳೇ ಕಣೇ. ನಾಲ್ಗೇಲಿ ಮಚ್ಚೆ ಐತೆ."

ಟ್ಯಾಂಕು

ನನ್ನ ಮಾತನ್ನು ನಂಬಿದವರು ಪಂಚಾಯ್ತಿ ಮೆಂಬರೊಬ್ಬರೇ. ನಂಬಿದ ಮೇಲೆ ನನ್ನನ್ನೊಂದು ಮಾತು ಕೇಳಬೇಡವೇ? ಬೇರೆ ಊರಿನ ಕೆರೆಯಿಂದ ಎರಡು ಮಂಕರಿ ಕಪ್ಪೆಚಿಪ್ಪು ತರಿಸಿ, ನೀರು ಶುದ್ಧವಾಗಲಿ ಅಂತ ಊರಿನ ಕುಡಿಯುವ ನೀರಿನ ಟ್ಯಾಂಕಿಗೇ ಸುರಿಸಿದರು.

ತಿಂಗಳೊಳಗೆ ನಲ್ಲಿಯಲ್ಲಿ ಹೆಣದ ನಾತ. ಹೆಂಗಸರು ಖಾಲಿ ಕೊಡ ಹಿಡಿದು ಸ್ಕೂಲಿಗೇ ಬಂದರು. ಮುಂದೆ ಮೆಂಬರು.

"ನಿಮ್ಮ ಚಿಪ್ಪು ಕೈಕೊಟ್ಟವು ಟೀಚರಮ್ಮ. ಎಲ್ಲಾ ಸತ್ತು ಕೊಳೀತಾ ಅವೆ."

ನನ್ನ ತಾಳ್ಮೆ ಅಲ್ಲಿಗೆ ಮುಗಿಯಿತು. "ಮೊದ್ಲು ಟ್ಯಾಂಕು ತೊಳೆಸ್ರೀ. ಬೋರ್‌ವೆಲ್ ನೀರಲ್ಲಿ ಪಾಚಿ ಎಲ್ಲಿಂದ ಬರುತ್ತೆ? ತಿನ್ನೋಕೆ ಒಂದು ಚೂರೂ ಇಲ್ಲದೆ ಉಪವಾಸ ಸತ್ತಿವೆ ಪಾಪ."

ಮೆಂಬರು ನಿಜಕ್ಕೂ ನೊಂದುಕೊಂಡರು. ಮೆತ್ತಗೆ ಅಂದರು:

"ಮೊದ್ಲೇ ಹೇಳ್ಬಾರ್ದಿತ್ತಾ ಟೀಚರಮ್ಮ? ದಿನಾ ಎರಡು ಬಕೆಟ್ ಪಾಚಿ ಹಾಕಿಸ್ತಿದ್ದೆ."